ಎಡಕ್ಕೆ ಬಂದ ಚೆಂಡು



ನಿಮ್ಮ ಕಾಗದ ಸೋಮವಾರ ಕೈಸೇರಿತು. ಸಂಜೆ ಕಾಫಿ ಕುಡಿಯುತ್ತಾ ಒಮ್ಮೆ ಓದಿದೆ, ಊಟವಾದ ಮೇಲೆ ಮತ್ತೊಮ್ಮೆ. ಮಗಳನ್ನು ಟೆನಿಸ್‌ಗೆ ಸೇರಿಸಿ ನಾಲ್ಕು ತಿಂಗಳಾಯಿತು, ಬಲಕ್ಕೆ ಬಂದ ಚೆಂಡನ್ನು ಕುಣಿದಾಡಿಕೊಂಡು ಹೊಡೆಯುತ್ತಾಳೆ, ಎಡಕ್ಕೆ ಬಂದರೆ ಮಾತ್ರ ಏಡಿಯ ಹಾಗೆ ಅಡ್ಡಡ್ಡ ಸರಿದು ಹೇಗಾದರೂ ಅದನ್ನು ಬಲಕ್ಕೆ ಮಾಡಿಕೊಳ್ಳುತ್ತಾಳೆ ಎಂದು ಬರೆದಿದ್ದೀರಿ. ಕೋಚ್ ಎರಡು ಕೈಯಲ್ಲಿ ಬ್ಯಾಕ್‌ಹ್ಯಾಂಡ್ ಕಲಿಸುತ್ತಿದ್ದಾರೆ. ನಿಮ್ಮ ಕಣ್ಣಲ್ಲಿ ಫೆಡರರ್ ಕೂತಿದ್ದಾರೆ. ಒಂದೇ ಕೈಯಲ್ಲಿ ಕಲಿಸಿ ಎಂದು ಹೇಳಿಬಿಡಲೇ ಎಂಬುದು ನಿಮ್ಮ ಪ್ರಶ್ನೆ.

ಉತ್ತರವನ್ನು ಒಂದೇ ಸಾಲಿನಲ್ಲಿ ಮುಗಿಸಬಹುದಿತ್ತು. ಆದರೆ ಈ ಹೊಡೆತದ ಮೇಲೆ ನನಗಿರುವ ಪ್ರೀತಿ ಬಹಳ ಹಳೆಯದು. ಜೊತೆಗೆ, ನೀವು ಕೇಳಿದ ಪ್ರಶ್ನೆಗಿಂತ ಆ ಏಡಿ ನಡಿಗೆಯ ಮಾತೇ ನನ್ನನ್ನು ಹೆಚ್ಚು ಕಾಡಿತು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಬೆಳಿಗ್ಗೆ ಶಟಲ್ ಆಡುವ ಕೋರ್ಟಿನಲ್ಲಿ ದಿನವೂ ಇದನ್ನೇ ನೋಡುತ್ತೇನೆ. ಎಡಗಡೆಯ ಹಿಂದಿನ ಮೂಲೆಗೆ ಶಟಲ್ ಎತ್ತರಕ್ಕೆ ಹೋಯಿತೆಂದರೆ ಸಾಕು, ಇಪ್ಪತ್ತು ವರ್ಷ ಆಡಿದವರೂ ಬೆನ್ನನ್ನು ಬಿಲ್ಲಿನಂತೆ ಬಗ್ಗಿಸಿ, ತಲೆಯ ಮೇಲಿಂದ ಕೈ ಬಳಸಿ ಫೋರ್‌ಹ್ಯಾಂಡಿನಲ್ಲೇ ಹೊಡೆಯಲು ನೋಡುತ್ತಾರೆ. 'ರೌಂಡ್ ದ ಹೆಡ್' ಎನ್ನುವ ಆ ಹೊಡೆತ ತಪ್ಪೇನಲ್ಲ; ಕಾಲು ಚುರುಕಾಗಿದ್ದರೆ ಅದೇ ಮೇಲು. ಬೇರೆ ದಾರಿಯೇ ಗೊತ್ತಿಲ್ಲದೆ ಹಾಗೆ ಆಡುವಾಗ ಮಾತ್ರ ನೋಡಲು ಸಂಕಟವಾಗುತ್ತದೆ. ಎರಡನೇ ಗೇಮ್ ಹೊತ್ತಿಗೆ ಸೊಂಟ ಹಿಡಿದುಕೊಂಡಿರುತ್ತದೆ, ಅವರ ಬಲಗಡೆ ಪೂರ್ತಿ ಖಾಲಿ ಬಿದ್ದಿರುತ್ತದೆ, ಎದುರಿನವರು ಅಲ್ಲಿಗೆ ಮೆತ್ತಗೆ ಶಟಲ್ ಇಟ್ಟು ಪಾಯಿಂಟ್ ತೆಗೆದುಕೊಳ್ಳುತ್ತಾರೆ.

ಬ್ಯಾಕ್‌ಹ್ಯಾಂಡ್ ಹುಟ್ಟಾ ದುರ್ಬಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಗೆದ ಬಟ್ಟೆಯನ್ನು ಹಗ್ಗಕ್ಕೆ ಹಾಕುವ ಮೊದಲು ಫಟ್ ಎಂದು ಕೊಡವುತ್ತೇವಲ್ಲ, ಇಸ್ಪೀಟಿನ ಎಲೆ ಹಂಚುತ್ತೇವಲ್ಲ, ಊಟದೆಲೆಯ ಹತ್ತಿರ ಬಂದ ನೊಣವನ್ನು ಅಟ್ಟುತ್ತೇವಲ್ಲ, ಆಗೆಲ್ಲ ಕೈ ಮೈಯಿಂದ ಹೊರಕ್ಕೆ ಬೀಸುತ್ತದೆ, ಕೈಯ ಹಿಂಬದಿ ಮುಂದಾಗಿರುತ್ತದೆ. ಅದೇ ಬ್ಯಾಕ್‌ಹ್ಯಾಂಡ್. ದಿನಕ್ಕೆ ಹತ್ತು ಸಲ ಮಾಡುವ ಚಲನೆ ಕೋರ್ಟಿಗೆ ಇಳಿದ ತಕ್ಷಣ ಪರದೇಶಿಯಾಗಲು ಕಾರಣ ಒಂದಿದೆ. ಫೋರ್‌ಹ್ಯಾಂಡಿನಲ್ಲಿ ಚೆಂಡಿಗೆ ತುಸು ತಡವಾಗಿ ಹೋದರೂ ಎದೆಯ ಸ್ನಾಯುಗಳು ತಳ್ಳಿ ಕಾಪಾಡುತ್ತವೆ. ಬ್ಯಾಕ್‌ಹ್ಯಾಂಡ್ ಅಷ್ಟು ಉದಾರಿಯಲ್ಲ. ಒಂದೇ ಕೈಯಲ್ಲಿ ಹೊಡೆಯುವಾಗಲಂತೂ ಚೆಂಡು ಮುಂಗಾಲಿಗಿಂತ ಮುಂದೆಯೇ ರಾಕೆಟ್ಟಿಗೆ ಸಿಗಬೇಕು. ಮೈಯ ಪಕ್ಕಕ್ಕೆ ಬಂದುಬಿಟ್ಟರೆ ಎಂಥ ಗಟ್ಟಿ ತೋಳಿದ್ದರೂ ಅದರಲ್ಲಿ ಜೀವವಿರುವುದಿಲ್ಲ. ಹಾಗಾಗಿ ಚೆಂಡು ಎದುರಿನವರ ರಾಕೆಟ್ ಬಿಟ್ಟ ಕ್ಷಣದಲ್ಲೇ ಭುಜ ತಿರುಗಬೇಕು. ನಿಮ್ಮ ಮಗಳಿಗೆ ತೋಳಿನ ಬಲ ಸಾಲುತ್ತಿಲ್ಲ ಎಂದು ಬರೆದಿದ್ದೀರಿ. ಸಾಲದಿರುವುದು ಹೊತ್ತು ಎಂದು ನನಗೆ ಅನ್ನಿಸುತ್ತದೆ. ಅಡ್ಡ ಸರಿಯಲು ಖರ್ಚು ಮಾಡುವ ಆ ಅರೆಕ್ಷಣವನ್ನು ಭುಜ ತಿರುಗಿಸಲು ಕೊಟ್ಟು ನೋಡಲಿ.

ನನಗೆ ಮೊದಲು ಶಟಲ್ ಕಲಿಸಿದ್ದು ನಮ್ಮ ಬೀದಿಯ ಹಿರಿಯರೊಬ್ಬರು. ಅವರು ಬ್ಯಾಕ್‌ಹ್ಯಾಂಡ್ ಕಲಿಸಿದ ಸಂಜೆ ಇನ್ನೂ ಕಣ್ಣಮುಂದಿದೆ. ರಾಕೆಟ್ಟಿನ ಹಿಡಿಯನ್ನು ನೋಡು, ಎಂಟು ಪಟ್ಟಿ ಇದೆ ಎಂದರು. ಬೆರಳಾಡಿಸಿ ಎಣಿಸಿದೆ. ಅದರಲ್ಲಿ ಅಗಲವಾದ ಪಟ್ಟಿಯ ಮೇಲೆ ನನ್ನ ಹೆಬ್ಬೆರಳನ್ನು ಚಪ್ಪಟೆಯಾಗಿ ಇರಿಸಿ, ಅದರ ಮೇಲೆ ತಮ್ಮ ಹೆಬ್ಬೆರಳಿಟ್ಟು ಒಮ್ಮೆ ಒತ್ತಿದರು. ಮಿಕ್ಕ ಬೆರಳು ಸಡಿಲ ಬಿಡು, ಮೊಣಕೈ ಮೊದಲು ಹೋಗಲಿ, ಆಮೇಲೆ ಬೀಗದ ಕೈ ತಿರುವಿದ ಹಾಗೆ ಮುಂಗೈ ತಿರುವು, ಶಟಲ್ ತಾಗುವ ಕ್ಷಣಕ್ಕೆ ಮಾತ್ರ ಹಿಡಿ ಬಿಗಿ ಮಾಡು ಎಂದರು. ನಾನು ಮಣಿಕಟ್ಟನ್ನು ಒದರಿ ಹೊಡೆಯುತ್ತಿದ್ದೆ, ಶಟಲ್ ನೆಟ್ಟಿನವರೆಗೂ ಹೋಗುತ್ತಿರಲಿಲ್ಲ. ಅವತ್ತು ಕತ್ತಲಾಗುವ ಮುಂಚೆ ಒಂದೇ ಒಂದು ಸಲ 'ಟಕ್' ಎಂಬ ಒಣ ಸದ್ದು ಬಂತು, ಶಟಲ್ ಆಚೆಯ ಹಿಂದಿನ ಗೆರೆಯ ಹತ್ತಿರ ಹೋಗಿ ಬಿತ್ತು. ಆ ಸದ್ದಿಗಾಗಿಯೇ ಮಾರನೆಯ ದಿನವೂ ಹೋದೆ. ಬ್ಯಾಡ್ಮಿಂಟನ್ ಬಲ್ಲವರು ಮಣಿಕಟ್ಟಿನ ಚಮತ್ಕಾರ ಎನ್ನುವುದು ಬಹುಪಾಲು ಮುಂಗೈ ತಿರುವುವ ಕೆಲಸ ಎಂದು ನನಗೆ ಅರ್ಥವಾಗಿದ್ದು ಆಗಲೇ.

ಟೇಬಲ್ ಟೆನಿಸ್ಸಿನಲ್ಲಿ ಈ ಭಯ ಅಷ್ಟಿಲ್ಲ, ಗಮನಿಸಿದ್ದೀರಾ? ಅಲ್ಲಿ ಬ್ಯಾಕ್‌ಹ್ಯಾಂಡ್ ಹೊಟ್ಟೆಯ ಮುಂದೆಯೇ ನಡೆದುಹೋಗುತ್ತದೆ, ಬೆನ್ನು ತಿರುಗಿಸುವ ಗೋಜಿಲ್ಲ. ಎಷ್ಟೋ ಮಕ್ಕಳು ಅಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳುವುದೇ ಬ್ಯಾಕ್‌ಹ್ಯಾಂಡನ್ನು.

ಈ ಮೂರೂ ಆಟಗಳ ಮಾತು ಬಂದಾಗ ನನಗೆ 2004ರ ಅಥೆನ್ಸ್ ಒಲಿಂಪಿಕ್ಸ್ ನೆನಪಾಗುತ್ತದೆ. ಟೆನಿಸ್‌ನಲ್ಲಿ ಮಹಿಳೆಯರ ಚಿನ್ನ ಬೆಲ್ಜಿಯಂನ ಜಸ್ಟಿನ್ ಹೆನಿನ್ ಅವರಿಗೆ ಬಂತು. ಫೈನಲ್‌ನಲ್ಲಿ ಎದುರಿಗಿದ್ದವರು ಫ್ರಾನ್ಸಿನ ಅಮೆಲಿ ಮೌರೆಸ್ಮೊ. ಇಬ್ಬರದೂ ಒಂಟಿಗೈ ಬ್ಯಾಕ್‌ಹ್ಯಾಂಡ್! ಬ್ಯಾಡ್ಮಿಂಟನ್‌ನಲ್ಲಿ ಪುರುಷರ ಚಿನ್ನ ಇಂಡೊನೇಷ್ಯಾದ ತೌಫಿಕ್ ಹಿದಾಯತ್ ಅವರದು. ನಾವೆಲ್ಲ ಹೆದರುವ ಆ ಎಡ ಮೂಲೆಯಲ್ಲಿ, ಬೆನ್ನು ನೆಟ್ಟಿಗೆ, ಮುಖ ಹಿಂದಿನ ಗೆರೆಗೆ ಮಾಡಿ ನಿಂತು ಸ್ಮ್ಯಾಶ್ ಮಾಡುತ್ತಿದ್ದ ಮನುಷ್ಯ ಅವರು. ಎದುರಾಳಿಗಳು ಉಳಿದವರಿಗೆಲ್ಲ ಬಲೆಯಾಗುವ ಮೂಲೆಗೇ ಶಟಲ್ ಕಳಿಸಿ ತಾವೇ ಸಿಕ್ಕಿಬೀಳುತ್ತಿದ್ದರು.

ಇನ್ನು ಟೇಬಲ್ ಟೆನಿಸ್. ಇಲ್ಲಿ ನನ್ನ ವಾದಕ್ಕೆ ಎದುರು ಸಾಕ್ಷಿಯಿದೆ, ಮುಚ್ಚಿಡುವುದಿಲ್ಲ. ಚಿನ್ನ ಗೆದ್ದ ದಕ್ಷಿಣ ಕೊರಿಯಾದ ರ್ಯು ಸೆಂಗ್-ಮಿನ್ ಬ್ಯಾಟನ್ನು ಪೆನ್ನು ಹಿಡಿದಂತೆ ಹಿಡಿಯುವ ಹಳೆಯ ಪದ್ಧತಿಯವರು. ಆ ಹಿಡಿತದಲ್ಲಿ ಬ್ಯಾಕ್‌ಹ್ಯಾಂಡ್ ಕಡೆಯಿಂದ ದಾಳಿ ಮಾಡುವುದು ಕಷ್ಟ. ಎಡಕ್ಕೆ ಬಂದ ಚೆಂಡಿಗೂ ಓಡಿಹೋಗಿ ಫೋರ್‌ಹ್ಯಾಂಡಿನಲ್ಲೇ ಹೊಡೆಯುತ್ತಿದ್ದರು. ಫೈನಲ್‌ನಲ್ಲಿ ಅವರಿಗೆ 4-2ರಿಂದ ಸೋತವರು ಚೀನಾದ ವಾಂಗ್ ಹಾವೊ. ಅವರದೂ ಪೆನ್‌ಹೋಲ್ಡ್ ಹಿಡಿತವೇ, ಆದರೆ ಬ್ಯಾಟಿನ ಹಿಂಬದಿಗೂ ರಬ್ಬರ್ ಹಚ್ಚಿ ಅದರಿಂದ ಸೊಗಸಾದ ಬ್ಯಾಕ್‌ಹ್ಯಾಂಡ್ ಹೊಡೆಯುತ್ತಿದ್ದ ಹೊಸ ಪದ್ಧತಿ. ಅವತ್ತು ಗೆದ್ದದ್ದು ಓಡಿದವರ ಕಾಲು. ಹಾಗೆ ಓಡಬಲ್ಲ ಕಾಲು ಎಷ್ಟು ಜನಕ್ಕಿದೆ ಹೇಳಿ? ಟೇಬಲ್ಲಿನ ಅಗಲ ಒಂದೂವರೆ ಮೀಟರು ಮಾತ್ರ. ಟೆನಿಸ್ ಕೋರ್ಟಿನ ಅಗಲ ಸಿಂಗಲ್ಸ್‌ಗೇ 8 ಮೀಟರಿಗಿಂತ ಹೆಚ್ಚು. ನಿಮ್ಮ ಮಗಳು ಏಡಿ ನಡಿಗೆಯಲ್ಲಿ ದಾಟಬೇಕಾದ ದೂರ ಅದು. ಆ ಹೊಸ ಪದ್ಧತಿಯನ್ನು ಆಮೇಲೆ ಪೆನ್‌ಹೋಲ್ಡ್ ಹಿಡಿಯುವ ಬಹುಪಾಲು ಹುಡುಗರು ಕಲಿತರು, ಅದನ್ನೂ ಹೇಳಿಬಿಡುತ್ತೇನೆ.

ಒಂದು ಆಟದ ಬ್ಯಾಕ್‌ಹ್ಯಾಂಡನ್ನು ಇನ್ನೊಂದಕ್ಕೆ ಹಾಗೆ ಹಾಗೆಯೇ ಹೊತ್ತು ತರಬಾರದು. ಇದನ್ನು ನಾನು ನೋವಿನಿಂದ ಕಲಿತೆ. ಮೂವತ್ನಾಲ್ಕನೇ ವಯಸ್ಸಿಗೆ ಟೆನಿಸ್ ಆಡುವ ಹುಮ್ಮಸ್ಸು ಬಂತು. ಶಟಲ್ ಕೈ ಪಳಗಿದೆ, ಇನ್ನೇನು ಎಂದುಕೊಂಡು ಅದೇ ಮುಂಗೈ ತಿರುವು, ಅದೇ ಮೊಣಕೈ ಮುಂದು. ಶಟಲ್ ತೂಗುವುದು 5 ಗ್ರಾಂ ಆಸುಪಾಸು, ಟೆನಿಸ್ ಚೆಂಡು 56ರಿಂದ 59 ಗ್ರಾಂ. ಹತ್ತು ಪಟ್ಟಿಗೂ ಹೆಚ್ಚು ಭಾರ, ಅದೂ ವೇಗವಾಗಿ ಬಂದು ತಾಗುತ್ತದೆ. ಆ ಪೆಟ್ಟನ್ನು ಭುಜ ಮತ್ತು ಬೆನ್ನು ಹೊರಬೇಕು. ನನ್ನಲ್ಲಿ ಹೊತ್ತದ್ದು ಮೊಣಕೈಯ ಹೊರಬದಿಯಲ್ಲಿ ಬಂದು ಅಂಟಿಕೊಳ್ಳುವ, ಮಣಿಕಟ್ಟನ್ನು ಮೇಲೆತ್ತುವ ಸಣ್ಣ ಸ್ನಾಯು. ಎರಡನೇ ತಿಂಗಳಿಗೆ ಕಾಫಿ ಫಿಲ್ಟರಿನ ಮೇಲಿನ ಪಾತ್ರೆ ತೆಗೆಯಲು ಎಡಗೈ ಬೇಕಾಯಿತು. ಬಟ್ಟೆ ಹಿಂಡಿದರೆ ಕಣ್ಣಲ್ಲಿ ನೀರು. ಅದಕ್ಕೆ 'ಟೆನಿಸ್ ಎಲ್ಬೋ' ಎಂಬ ಹೆಸರು ಸುಮ್ಮನೆ ಬಂದಿಲ್ಲ. ಲಾನ್ ಟೆನಿಸ್ ಆಟಕ್ಕೆ ಇಂಗ್ಲೆಂಡಿನಲ್ಲಿ ಪೇಟೆಂಟ್ ಸಿಕ್ಕಿದ್ದು 1874ರಲ್ಲಿ. 1882ರ ಹೊತ್ತಿಗೆ 'ಲ್ಯಾನ್ಸೆಟ್' ವೈದ್ಯಪತ್ರಿಕೆಯಲ್ಲಿ 'ಲಾನ್ ಟೆನಿಸ್ ತೋಳು' ಎಂಬ ಮಾತು ಅಚ್ಚಾಗಿಯೇ ಬಿಟ್ಟಿತ್ತು. ನನ್ನ ನೋವು ಹೋಗಲು ಏಳು ತಿಂಗಳು ಹಿಡಿಯಿತು. ನಿಮ್ಮ ಮಗಳು ಶಾಲೆಯಲ್ಲಿ ಶಟಲ್ ಕೂಡ ಆಡುತ್ತಾಳೆ ಎಂದಿರಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳಿದೆ. ಟೆನಿಸ್‌ನಲ್ಲಿ ಚೆಂಡು ತಾಗುವಾಗ ಮಣಿಕಟ್ಟು ಬಾಗಬಾರದು, ಗಟ್ಟಿಯಾಗಿ ನಿಲ್ಲಬೇಕು. ಕೈ ಎರಡಿದ್ದರೆ ಈ ಕಾಟ ಕಡಿಮೆ, ಪೆಟ್ಟು ಹಂಚಿಹೋಗುತ್ತದೆ.

ಈಗ ನಿಮ್ಮ ಒಂದು ಕೈ, ಎರಡು ಕೈ ಪ್ರಶ್ನೆಗೆ ಬರುತ್ತೇನೆ.

ಎರಡು ಕೈಯ ಹೊಡೆತ ಹೊಸದೇನಲ್ಲ. 1930ರ ದಶಕದಲ್ಲೇ ಆಸ್ಟ್ರೇಲಿಯಾದ ವಿವಿಯನ್ ಮೆಕ್‌ಗ್ರಾತ್ ಎಂಬವರು ಹಾಗೆ ಆಡಿ 1937ರಲ್ಲಿ ತಮ್ಮ ದೇಶದ ಚಾಂಪಿಯನ್ ಆದರು. ಆದರೆ ಲೋಕ ಅದನ್ನು ಅಪ್ಪಿಕೊಂಡಿದ್ದು 70ರ ದಶಕದಲ್ಲಿ, ಕ್ರಿಸ್ ಎವರ್ಟ್, ಜಿಮ್ಮಿ ಕಾನರ್ಸ್, ಬ್ಯೋರ್ನ್ ಬೋರ್ಗ್ ಬಂದ ಮೇಲೆ. ಎವರ್ಟ್ ಅವರ ಕಥೆ ನಿಮ್ಮ ಮನೆಗೆ ಹತ್ತಿರವಾದದ್ದು. ಫ್ಲಾರಿಡಾದಲ್ಲಿ ತಂದೆಯೇ ಕೋಚ್. ಪುಟ್ಟ ಹುಡುಗಿ, ಮರದ ರಾಕೆಟ್ ಭಾರ, ಒಂದು ಕೈಯಲ್ಲಿ ಎತ್ತಲಾಗದೆ ಎರಡು ಕೈ ಹಾಕಿದಳು. ದೊಡ್ಡವಳಾದ ಮೇಲೆ ಒಂದು ಕೈಗೆ ಬದಲಾಗುತ್ತಾಳೆ ಎಂದು ತಂದೆ ಕಾದರು. ಅವಳು ಬದಲಾಗಲಿಲ್ಲ. 18 ಗ್ರ್ಯಾಂಡ್ ಸ್ಲಾಮ್ ಸಿಂಗಲ್ಸ್ ಗೆದ್ದಳು, ಅದರಲ್ಲಿ 7 ಫ್ರೆಂಚ್ ಓಪನ್. ಬೋರ್ಗ್ ಅವರದು ಇನ್ನೊಂದು ಬಗೆ. ಅವರಿಗೆ ಮೊದಲ ರಾಕೆಟ್ ಸಿಕ್ಕಿದ್ದು ತಂದೆ ಟೇಬಲ್ ಟೆನಿಸ್ ಪಂದ್ಯದಲ್ಲಿ ಗೆದ್ದ ಬಹುಮಾನವಾಗಿ! ಚಳಿಗಾಲದಲ್ಲಿ ಐಸ್ ಹಾಕಿ ಆಡುತ್ತಿದ್ದ ಹುಡುಗ. ಹಾಕಿ ಕೋಲು ಬೀಸಿದಂತೆಯೇ ಟೆನಿಸ್ ಚೆಂಡಿಗೂ ಬೀಸಿದರು, ಚೆಂಡು ತಾಗಿದ ಮೇಲೆ ಎಡಗೈ ಬಿಟ್ಟುಬಿಡುತ್ತಿದ್ದರು.

ಎದುರು ದಿಕ್ಕಿನಲ್ಲಿ ಹೋದವರೂ ಇದ್ದಾರೆ. ಪೀಟ್ ಸಾಂಪ್ರಾಸ್ ಎರಡು ಕೈಯಲ್ಲಿ ಚೆನ್ನಾಗಿ ಆಡುತ್ತಿದ್ದ ಹುಡುಗ. 14ರ ಹೊತ್ತಿಗೆ ಕೋಚ್ ಮಾತು ಕೇಳಿ ಒಂದು ಕೈಗೆ ತಿರುಗಿದರು. ವಿಂಬಲ್ಡನ್ ಹುಲ್ಲಿನ ಮೇಲೆ ನೆಟ್ಟಿಗೆ ನುಗ್ಗಿ ಆಡಬೇಕೆಂಬುದು ಅದರ ಹಿಂದಿದ್ದ ಆಸೆ. ಕೆಲ ಕಾಲ, ಮೊದಲು ತಾವು ಸೋಲಿಸುತ್ತಿದ್ದವರ ಕೈಯಲ್ಲೇ ಸೋತರು. 19ನೇ ವಯಸ್ಸಿಗೆ ಅಮೆರಿಕ ಓಪನ್, ಮುಂದೆ 7 ವಿಂಬಲ್ಡನ್. ಅದಕ್ಕೂ ಹಿಂದೆ ಕೆನ್ ರೋಸ್‌ವಾಲ್. ಹುಟ್ಟಾ ಎಡಚ, ತಂದೆ ಬಲಗೈಯಲ್ಲಿ ಆಡಲು ಕಲಿಸಿದರು. ಆ ಸಣ್ಣ ಮೈಯ ಮನುಷ್ಯನ ಸ್ಲೈಸ್ ಬ್ಯಾಕ್‌ಹ್ಯಾಂಡ್ ನೆಲ ಸವರಿಕೊಂಡು ಹೋಗುತ್ತಿತ್ತು. 1953ರಲ್ಲಿ ಮೊದಲ ಗ್ರ್ಯಾಂಡ್ ಸ್ಲಾಮ್ ಗೆದ್ದವರು 1972ರಲ್ಲಿ, 37ನೇ ವಯಸ್ಸಿನಲ್ಲಿ, ಕೊನೆಯದನ್ನು ಗೆದ್ದರು.

ಒಂಟಿಗೈ ಏಕೆ ಕಡಿಮೆಯಾಯಿತು ಎಂಬುದಕ್ಕೆ ನಿಮ್ಮ ಫೆಡರರ್ ಅವರೇ ಸಾಕ್ಷಿ. ನಡಾಲ್ ಎಡಗೈ ಆಟಗಾರ. ಅವರ ಫೋರ್‌ಹ್ಯಾಂಡ್ ಸುತ್ತಿಕೊಂಡು ಬಂದು ಪ್ಯಾರಿಸ್ಸಿನ ಕೆಂಪು ಮಣ್ಣಿನಲ್ಲಿ ಪುಟಿದು ಫೆಡರರ್ ಅವರ ಎಡ ಭುಜದ ಎತ್ತರಕ್ಕೆ ಏರುತ್ತಿತ್ತು. ಕೈ ಚಾಚಿ ನಿಂತು ನೋಡಿ: ಸೊಂಟದ ಎತ್ತರದಲ್ಲಿ ಇರುವ ಬಲ ಭುಜದ ಎತ್ತರದಲ್ಲಿ ಇರುವುದಿಲ್ಲ. ಎರಡನೇ ಕೈ ಇದ್ದರೆ ಅದು ಹಿಂದಿನಿಂದ ತಳ್ಳುತ್ತದೆ. ನಾಲ್ಕು ಫ್ರೆಂಚ್ ಓಪನ್ ಫೈನಲ್‌ಗಳಲ್ಲಿ ಫೆಡರರ್ ನಡಾಲ್‌ಗೆ ಸೋತರು. ಸರ್ವ್ ವೇಗ ಹೆಚ್ಚಿದಂತೆ ರಿಟರ್ನ್ ಮಾಡಲೂ ಎರಡು ಕೈಯೇ ವಾಸಿಯಾಯಿತು. ರಾಕೆಟ್ ಹಿಂದಕ್ಕೆ ಒಯ್ಯುವ ದೂರ ಕಡಿಮೆ.

ಆದರೂ 2017ರ ಮೆಲ್ಬರ್ನ್ ಫೈನಲ್ ಮರೆಯುವುದುಂಟೇ? ಮೊಣಕಾಲು ನೋವಿನಿಂದ ಆರು ತಿಂಗಳು ಹೊರಗಿದ್ದು ಬಂದ 35 ವರ್ಷದ ಫೆಡರರ್, ಎದುರಿಗೆ ಅದೇ ನಡಾಲ್. ಹಳೆಯ 90 ಚದರ ಇಂಚಿನ ರಾಕೆಟ್ ಬಿಟ್ಟು 97 ಇಂಚಿನದಕ್ಕೆ ಬಂದು ಆಗ ಮೂರು ವರ್ಷವಾಗಿತ್ತು. ಹಿಂದೆಲ್ಲ ಸ್ಲೈಸ್ ಮಾಡಿ ಕಾಪಾಡಿಕೊಳ್ಳುತ್ತಿದ್ದ ಚೆಂಡುಗಳಿಗೆ ಅವತ್ತು ಹಿಂದೆ ಸರಿಯಲಿಲ್ಲ. ಒಳಕ್ಕೆ ಹೆಜ್ಜೆ ಇಟ್ಟು, ಚೆಂಡು ಮೇಲೇರುವ ಮೊದಲೇ ಬ್ಯಾಕ್‌ಹ್ಯಾಂಡನ್ನು ನೇರವಾಗಿ ಬಾರಿಸಿದರು. ಐದನೇ ಸೆಟ್ಟಿನಲ್ಲಿ 1-3 ಹಿಂದಿದ್ದವರು ಸಾಲಾಗಿ ಐದು ಗೇಮ್ ಗೆದ್ದರು. ನನ್ನ ಮಟ್ಟಿಗೆ ಅದು ಅವರ ಬ್ಯಾಕ್‌ಹ್ಯಾಂಡಿನ ಅತ್ಯಂತ ದೊಡ್ಡ ದಿನ. ಎರಡನೆಯದು ಎಂದು ಬೇರೆಯವರ ಹೆಸರು ಹೇಳಬೇಕಾದರೆ, 2015ರ ಪ್ಯಾರಿಸ್ ಫೈನಲ್‌ನಲ್ಲಿ ವಾವ್ರಿಂಕಾ. ಚೌಕಳಿ ಚಡ್ಡಿ ತೊಟ್ಟು ಜೊಕೊವಿಚ್‌ರನ್ನು ಸೋಲಿಸಿದರು; ಕೊನೆಯ ಪಾಯಿಂಟ್ ಬಂದಿದ್ದು ಗೆರೆಯ ಗುಂಟ ಹೋದ ಒಂಟಿಗೈ ಬ್ಯಾಕ್‌ಹ್ಯಾಂಡಿನಿಂದ.

2024ರ ಜನವರಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ನಂಬರ್ ಒನ್ ಆದರಲ್ಲ, ಅವರದೂ ಒಂಟಿಗೈ ಬ್ಯಾಕ್‌ಹ್ಯಾಂಡ್. ಮರು ತಿಂಗಳೇ ಸಿತ್ಸಿಪಾಸ್ ಕೆಳಗಿಳಿದಾಗ ಪುರುಷರ ಸಿಂಗಲ್ಸ್ ರ‍್ಯಾಂಕಿಂಗ್‌ನ ಮೊದಲ ಹತ್ತರಲ್ಲಿ ಒಂಟಿಗೈ ಬ್ಯಾಕ್‌ಹ್ಯಾಂಡಿನವರು ಒಬ್ಬರೂ ಉಳಿಯಲಿಲ್ಲ. 1973ರಲ್ಲಿ ಆ ಪಟ್ಟಿ ಶುರುವಾದ ಮೇಲೆ ಹಾಗಾಗಿದ್ದು ಅದೇ ಮೊದಲು. ಆಮೇಲೆ ದಿಮಿತ್ರೋವ್, ಮುಸೆಟ್ಟಿ ಹತ್ತರೊಳಗೆ ಬಂದರು, ನಿಜ. ಆದರೂ ಆ ವಾರ ಪತ್ರಿಕೆ ಓದಿ ನನಗೆ ಮನೆಯವರೊಬ್ಬರು ಊರು ಬಿಟ್ಟು ಹೋದಂತಾಗಿತ್ತು.

ಇಷ್ಟು ಪ್ರೀತಿ ಇಟ್ಟುಕೊಂಡೂ ನಾನು ಹೇಳುವುದು: ನಿಮ್ಮ ಮಗಳು ಎರಡು ಕೈಯಲ್ಲೇ ಕಲಿಯಲಿ, ಕೋಚ್ ಮಾತು ಸರಿ. ಹತ್ತು ವರ್ಷದ ಮಗುವಿಗೆ ಚೆಂಡು ಪುಟಿದು ಬರುವುದೇ ಭುಜದ ಎತ್ತರಕ್ಕೆ. ಒಂದು ಕೈ ಹಿಡಿಸಿದರೆ ಅವಳು ಸೋಲುವುದಷ್ಟೇ ಅಲ್ಲ, ಇನ್ನೂ ಜೋರಾಗಿ ಅಡ್ಡ ಓಡುತ್ತಾಳೆ. ಬಲಗೈಯವರ ಎರಡು ಕೈ ಬ್ಯಾಕ್‌ಹ್ಯಾಂಡ್ ಎಂದರೆ ಅರ್ಧಕ್ಕರ್ಧ ಎಡಗೈಯ ಫೋರ್‌ಹ್ಯಾಂಡ್. ಹಾಗಾಗಿ ಮನೆಯಂಗಳದಲ್ಲಿ ಹತ್ತು ನಿಮಿಷ ಎಡಗೈಯೊಂದರಲ್ಲೇ ರಾಕೆಟ್ ಹಿಡಿದು ಗೋಡೆಗೆ ಆಡಲಿ. ಮೊದಲ ವಾರ ಚೆಂಡು ಎಲ್ಲೆಲ್ಲೋ ಹೋಗುತ್ತದೆ, ಬೈಯಬೇಡಿ.

ಜೊತೆಗೆ ಒಂಟಿಗೈ ಸ್ಲೈಸನ್ನು ಈಗಿನಿಂದಲೇ ಕಲಿಸಲು ಕೋಚ್ ಅವರನ್ನು ಕೇಳಿಕೊಳ್ಳಿ. ದೂರದ ಚೆಂಡಿಗೆ ಎರಡು ಕೈ ನಿಲುಕುವುದಿಲ್ಲ, ನೆಟ್ಟಿನ ಹತ್ತಿರ ವಾಲಿಗೂ ಒಂದೇ ಕೈ ಬೇಕು. ಎಡಗೈ ರಾಕೆಟ್ಟಿನ ಕುತ್ತಿಗೆ ಹಿಡಿದು ಭುಜವನ್ನು ತಿರುಗಿಸಿಕೊಡಬೇಕು, ಹೊಡೆಯುವಾಗ ಅದು ಹಿಂದಕ್ಕೆ ಹೋಗಿ ಮೈಯ ತೂಕ ಸರಿದೂಗಿಸಬೇಕು. ಇಷ್ಟು ರೂಢಿಯಾದರೆ ಸಾಂಪ್ರಾಸ್ ವಯಸ್ಸಿಗೆ ಬಂದಾಗ ಅವಳೇ ತೀರ್ಮಾನ ಮಾಡಿಕೊಳ್ಳುತ್ತಾಳೆ. ಹೆನಿನ್ ಅವರ ಎತ್ತರ 167 ಸೆಂಟಿಮೀಟರು. ಅಷ್ಟರಲ್ಲೇ ಒಂಟಿಗೈಯಲ್ಲಿ ನಾಲ್ಕು ಸಲ ಪ್ಯಾರಿಸ್ ಗೆದ್ದರು. ಬಾಗಿಲು ತೆರೆದೇ ಇರುತ್ತದೆ.

ಸದ್ಯಕ್ಕೆ ಪಾಯಿಂಟ್ ಲೆಕ್ಕ ಬೇಡ. ಒಂದು ತಿಂಗಳ ಮಟ್ಟಿಗೆ ನೀವೇ ಎದುರು ನಿಂತು ಕೈಯಿಂದ ಚೆಂಡು ಎಸೆಯಿರಿ, ಎಡಕ್ಕೇ ಎಸೆಯಿರಿ. ಹೊಡೆದದ್ದು ಎಲ್ಲಿ ಬಿತ್ತೆಂದು ನೋಡಬೇಡಿ, ಚೆಂಡು ನಿಮ್ಮ ಕೈ ಬಿಟ್ಟ ಕ್ಷಣದಲ್ಲೇ ಭುಜ ತಿರುಗಿತೇ ಎಂದಷ್ಟೇ ನೋಡಿ.

ದಸರಾ ರಜೆಗೆ ಬರುತ್ತೇವೆ ಎಂದಿದ್ದೀರಿ, ತಪ್ಪಿಸಬೇಡಿ. ನಮ್ಮ ಕಾಂಪೌಂಡಿನ ಹಿಂದೆ ಕಿಟಕಿಯಿಲ್ಲದ ಗೋಡೆ ಇದೆ, ಸೀಮೆಸುಣ್ಣದಲ್ಲಿ ನೆಟ್ಟಿನ ಗೆರೆ ಎಳೆದಿಡುತ್ತೇನೆ. ಶಾಲೆಯಲ್ಲಿ ಬಾಲ್ ಬ್ಯಾಡ್ಮಿಂಟನ್ ತಂಡದಲ್ಲಿದ್ದೆ, ಆ ಮರದ ಬ್ಯಾಟು ಇನ್ನೂ ಅಟ್ಟದ ಮೇಲಿದೆ ಎಂದು ನೀವು ಹಿಂದೊಮ್ಮೆ ಬರೆದ ನೆನಪು. ಅದನ್ನೂ ತನ್ನಿ. ಹಳದಿ ಉಣ್ಣೆ ಚೆಂಡನ್ನು ಇಲ್ಲಿ ಹುಡುಕಿಡುವ ಜವಾಬ್ದಾರಿ ನನ್ನದು. ಐದೈದು ಜನ ಸೇರದಿದ್ದರೂ ಪರವಾಗಿಲ್ಲ, ನಾವು ಮೂವರೇ ಆಡೋಣ. ಎಡಗಡೆ ನಿಲ್ಲುವವರು ನೀವು.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸಿ. ಮಗಳಿಗೆ ಪ್ರೀತಿ.

ಇಂತಿ
ನಿಮ್ಮ ವಿಶ್ವಾಸಿ